ವಿಂಡೋಸ್‌ನಲ್ಲಿ ಯುನಿಕ್ಸ್ ಪರಿಸರ: ಕಡತಗಳು ಎಲ್ಲಿರಬೇಕು?

ವಿಂಡೋಸ್ ಕಂಪ್ಯೂಟರಿನಲ್ಲಿ ಯುನಿಕ್ಸ್ ಮಾದರಿಯ (ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆಯ) ಪರಿಸರವನ್ನು ಅಣಿಗೊಳಿಸಲು ಹೊರಟವರು ಯಾವ ತಂತ್ರಾಂಶ ಒಳ್ಳೆಯದೆಂದು ವಿಚಾರಿಸುವ ಮೊದಲು, ತಾವು ಬರೆಯುವ ಪ್ರೋಗ್ರಾಂ ಕೊನೆಗೆ ಓಡಬೇಕಾದದ್ದು ವಿಂಡೋಸ್‌ನಲ್ಲೋ ಲಿನಕ್ಸ್ ಸರ್ವರಿನಲ್ಲೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಉಳಿದ ಆಯ್ಕೆಗಳೆಲ್ಲ ಇದನ್ನೇ ಅವಲಂಬಿಸಿವೆ.

ಈ ದಾರಿಯಲ್ಲಿ ಹಳೆಯದು ಸಿಗ್ವಿನ್. 1995ರಲ್ಲಿ ಸಿಗ್ನಸ್ ಸಲ್ಯೂಷನ್ಸ್ ಸಂಸ್ಥೆಯಲ್ಲಿ ಆರಂಭವಾದ ಈ ಯೋಜನೆ, ಯುನಿಕ್ಸ್ ಪ್ರೋಗ್ರಾಂಗಳು ಕಾರ್ಯಾಚರಣ ವ್ಯವಸ್ಥೆಗೆ ಮಾಡುವ ಕರೆಗಳನ್ನು ಒಂದು ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಕಡತದ ಮೂಲಕ ವಿಂಡೋಸ್ ಕರೆಗಳಾಗಿ ಮಾರ್ಪಡಿಸುತ್ತದೆ. ಆದರೆ ಒಂದು ಪ್ರಕ್ರಿಯೆ ತನ್ನ ಪ್ರತಿಯನ್ನು ತಾನೇ ಸೃಷ್ಟಿಸಿಕೊಳ್ಳುವ 'ಫೋರ್ಕ್' ಎಂಬ ಯುನಿಕ್ಸ್ ಸೌಲಭ್ಯಕ್ಕೆ ವಿಂಡೋಸ್‌ನಲ್ಲಿ ನೇರವಾದ ಸಾಟಿಯಿಲ್ಲದ ಕಾರಣ ಸಿಗ್ವಿನ್ ಅದನ್ನು ಸುತ್ತುಬಳಸಿ ಸಾಧಿಸಬೇಕಾಗುತ್ತದೆ. ನೂರಾರು ಪುಟ್ಟ ಆದೇಶಗಳನ್ನು ಒಂದರ ಹಿಂದೊಂದು ಓಡಿಸುವ ಶೆಲ್ ಸ್ಕ್ರಿಪ್ಟ್‌ಗಳು ಅಲ್ಲಿ ನಿಧಾನವಾಗುವುದು ಇದರಿಂದಲೇ. ವಿಂಡೋಸ್‌ಗೆಂದೇ ಪ್ರೋಗ್ರಾಂ ಕಟ್ಟುವವರಿಗೆ ಯುನಿಕ್ಸ್ ಸಾಧನಗಳನ್ನೂ ಕಂಪೈಲರ್‌ಗಳನ್ನೂ ಒದಗಿಸುವ ಎಂಎಸ್‌ವೈಎಸ್2 ಇಂದಿಗೂ ಉತ್ತಮ ಆಯ್ಕೆ.

ಲಿನಕ್ಸ್ ಸರ್ವರಿಗಾಗಿ ಬರೆಯುವವರು ಮಾತ್ರ ಹಿಂದೆಮುಂದೆ ನೋಡದೆ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸಲು ಮೈಕ್ರೋಸಾಫ್ಟ್ ಕೊಟ್ಟಿರುವ ಸೌಲಭ್ಯ) ಆರಿಸಿಕೊಳ್ಳಬಹುದು. 2016ರಲ್ಲಿ ಬಂದ ಮೊದಲ ಆವೃತ್ತಿ ಲಿನಕ್ಸ್ ಕರೆಗಳನ್ನು ವಿಂಡೋಸ್ ಕರೆಗಳಾಗಿ ಅನುವಾದಿಸುತ್ತಿತ್ತು. 2019ರಲ್ಲಿ ಪ್ರಕಟವಾದ ಎರಡನೆಯದು ಹಗುರವಾದ ವರ್ಚುವಲ್ ಯಂತ್ರದೊಳಗೆ (ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರ್) ನಿಜವಾದ ಲಿನಕ್ಸ್ ಕರ್ನಲನ್ನೇ, ಅಂದರೆ ಲಿನಕ್ಸ್‌ನ ತಿರುಳನ್ನೇ, ಓಡಿಸುತ್ತದೆ. ವಿಂಡೋಸ್‌ನ ಆದೇಶ ಕಿಟಕಿಯಾದ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಬ್ಲ್ಯುಎಸ್‌ಎಲ್‌ನ ಇನ್‌ಸ್ಟಾಲ್ ಆದೇಶ ಕೊಟ್ಟು, ಕಂಪ್ಯೂಟರನ್ನು ಮರಳಿ ಚಾಲೂ ಮಾಡಿದರೆ ಉಬುಂಟು ಎಂಬ ಲಿನಕ್ಸ್ ಸಿದ್ಧವಾಗುತ್ತದೆ. ಆಗ ಅದು ಕೇಳುವ ಬಳಕೆದಾರರ ಹೆಸರಿಗೂ ಪಾಸ್‌ವರ್ಡಿಗೂ ವಿಂಡೋಸ್ ಖಾತೆಗೂ ಸಂಬಂಧವಿಲ್ಲ. ಪಾಸ್‌ವರ್ಡ್ ಟೈಪಿಸುವಾಗ ತೆರೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ; ಹೊಸಬರು ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಇಷ್ಟು ಸುಲಭವಾಗಿ ಅನುಸ್ಥಾಪನೆ ಮುಗಿದ ಮೇಲೆ ಹೆಚ್ಚಿನವರು ತಮ್ಮ ಕೆಲಸದ ಕಡತಗಳನ್ನು ಸಿ ಡ್ರೈವ್‌ನಲ್ಲೇ ಬಿಟ್ಟು, ಲಿನಕ್ಸ್ ಕಡೆಯಿಂದ ಅವುಗಳನ್ನು ತೆರೆಯುತ್ತಾರೆ. ಇದು ಸಾಧ್ಯವೇನೋ ಹೌದು, ಆದರೆ ಎರಡನೆಯ ಆವೃತ್ತಿಯಲ್ಲಿ ಪ್ರತಿಯೊಂದು ಕಡತದ ವಿಚಾರಣೆಯೂ ವರ್ಚುವಲ್ ಯಂತ್ರದ ಗಡಿ ದಾಟಿ ಹೋಗಿ ಬರಬೇಕಾದ್ದರಿಂದ, ಸಾವಿರಾರು ಕಡತಗಳಿರುವ ಯೋಜನೆಯಲ್ಲಿ ಕಡತಗಳ ಬದಲಾವಣೆಗಳ ದಾಖಲೆಯಿಡುವ ಗಿಟ್, ಯೋಜನೆಯ ಸ್ಥಿತಿಯನ್ನು ಹೇಳುವುದಕ್ಕೂ ತಡವರಿಸುತ್ತದೆ. ಅದೇ ಯೋಜನೆಯನ್ನು ಲಿನಕ್ಸ್‌ನ ಹೋಮ್ ಫೋಲ್ಡರಿಗೆ ಸ್ಥಳಾಂತರಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಸಿದ್ಧತೆಯಲ್ಲಿ ಇದಕ್ಕಿಂತ ಮುಖ್ಯವಾದ ನಿರ್ಧಾರ ಬೇರೊಂದಿಲ್ಲ. ಅಲ್ಲಿಟ್ಟ ಕಡತಗಳು ವಿಂಡೋಸ್‌ಗೆ ಸಿಗದೆ ಹೋಗುತ್ತವೆಂಬ ಭಯವೂ ಬೇಡ. ಫೈಲ್ ಎಕ್ಸ್‌ಪ್ಲೋರರ್‌ನ ಎಡಬದಿಯಲ್ಲಿ ಪೆಂಗ್ವಿನ್ ಚಿತ್ರದೊಂದಿಗೆ ಲಿನಕ್ಸ್ ಫೋಲ್ಡರ್ ಕಾಣಿಸುತ್ತದೆ.

ಇನ್ನೊಂದು ತೊಡಕು ಕಣ್ಣಿಗೇ ಬೀಳದಂಥದ್ದು. ಸಾಲಿನ ಕೊನೆಯನ್ನು ಯುನಿಕ್ಸ್ ಅಕ್ಷರಸಂಕೇತಗಳ ಪಟ್ಟಿಯ 10ನೆಯ ಸಂಕೇತವೊಂದರಿಂದಲೇ ಗುರುತಿಸಿದರೆ, ವಿಂಡೋಸ್ ಅದಕ್ಕೂ ಮೊದಲು 13ನೆಯದನ್ನೂ ಸೇರಿಸುತ್ತದೆ. ಹಾಗೆ ಉಳಿಸಿದ ಸ್ಕ್ರಿಪ್ಟನ್ನು ಲಿನಕ್ಸ್‌ನಲ್ಲಿ ಓಡಿಸಿದರೆ, ಮೊದಲ ಸಾಲಿನಲ್ಲಿರುವ, ಸ್ಕ್ರಿಪ್ಟನ್ನು ಓಡಿಸಬೇಕಾದ ಪ್ರೋಗ್ರಾಂ ಆದ 'ಬ್ಯಾಶ್' ಎಂಬ ಹೆಸರಿಗೆ ಆ ಅದೃಶ್ಯ ಸಂಕೇತ ಅಂಟಿಕೊಂಡು, ಅಂಥ ಪ್ರೋಗ್ರಾಂ ಇಲ್ಲವೆಂಬ ದೋಷಸಂದೇಶ ಬರುತ್ತದೆ. 'ಡಾಸ್‌ಟುಯುನಿಕ್ಸ್' ಎಂಬ ಸಾಧನದಿಂದ ಆ ಕಡತವನ್ನು ತಕ್ಷಣ ಸರಿಪಡಿಸಬಹುದು. ಆದರೆ ತಂಡದಲ್ಲಿ ಕೆಲಸ ಮಾಡುವವರು ಗಿಟ್‌ನ ಆಟ್ರಿಬ್ಯೂಟ್ಸ್ ಕಡತದಲ್ಲೇ ಶೆಲ್ ಸ್ಕ್ರಿಪ್ಟ್‌ಗಳಿಗೆ ಯುನಿಕ್ಸ್ ಮಾದರಿಯ ಸಾಲುಕೊನೆ ಇರಬೇಕೆಂದು ಬರೆದಿಟ್ಟರೆ, ಯೋಜನೆಯನ್ನು ಯಾರು ಯಾವ ಕಂಪ್ಯೂಟರಿಗೆ ಇಳಿಸಿಕೊಂಡರೂ ಅದೇ ನಿಯಮ ಅನ್ವಯವಾಗುತ್ತದೆ.