ಕೆಲಸ ಹೋದರೆ ಮೊದಲು ತಾರೀಖು ಕೇಳಿ

"ಅಣ್ಣ, ಕಂಪನಿಯಲ್ಲಿ ಲೆಟರ್ ಕೊಟ್ಟರು. ಈಗ ಏನು ಮಾಡೋದು?"

ಈ ಫೋನು ಈಚೆಗೆ ಜಾಸ್ತಿ ಆಗಿದೆ. ಊರಿನ ಹುಡುಗರು, ಅವರ ಬಾವಂದಿರು, ಒಮ್ಮೆಯಂತೂ ಗುರುತು ಪರಿಚಯ ಇಲ್ಲದ ಒಬ್ಬರು ಅಜ್ಮಾನ್‌ನಿಂದ. ಯಾರೋ ನನ್ನ ನಂಬರ್ ಕೊಟ್ಟಿರುತ್ತಾರೆ. ನನ್ನ ಕೆಲಸ ಹೋಗಿ, ಮತ್ತೆ ಇಲ್ಲೇ ಯುಎಇಯಲ್ಲೇ ಸಿಕ್ಕಿದೆ ಅಂತ ಗೊತ್ತಾಗಿ ನಾನೇನೋ ಇದರಲ್ಲಿ ಪಂಡಿತ ಅಂದುಕೊಂಡಿದ್ದಾರೆ. ನಾನು ಕ್ವಾಂಟಿಟಿ ಸರ್ವೇಯರ್. ಪುತ್ತೂರಿನವನು. ಎಷ್ಟು ಟೈಲ್ಸ್ ಹಾಕಿದರು, ಎಷ್ಟು ಜಿಪ್ಸಮ್ ಬೋರ್ಡ್ ಕಟ್ಟಿದರು ಅಂತ ಅಳೆದು ಬಿಲ್ ಮಾಡುವವನು. ಆದರೆ ಲೆಕ್ಕ ಹಾಕುವುದು ಅಭ್ಯಾಸ ಆದ್ದರಿಂದ ಆ ಹೊತ್ತಿನಲ್ಲೂ ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬರೆದಿಡುತ್ತೇನೆ.

ದುಬೈಯ ಅಲ್ ಕ್ವೋಝ್‌ನಲ್ಲಿ ಒಂದು ಇಂಟೀರಿಯರ್ ಕಂಪನಿ. ಏಳು ವರ್ಷ ಅಲ್ಲಿದ್ದೆ. 2024ರ ಕೊನೆಗೆ ದೊಡ್ಡ ಹೋಟೆಲ್ ಪ್ರಾಜೆಕ್ಟೊಂದು ಅರ್ಧದಲ್ಲಿ ನಿಂತಿತು, ಮೇನ್ ಕಾಂಟ್ರಾಕ್ಟರ್ ಬಿಲ್ ಪಾಸ್ ಮಾಡಲಿಲ್ಲ, ಆಫೀಸಿನಲ್ಲಿ ಜನ ಕಡಿಮೆ ಮಾಡಿದರು. ಇದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಕಾಂಟ್ರಾಕ್ಟಿಂಗ್ ಲೈನಿನಲ್ಲಿ ಇದು ಮಾಮೂಲು.

ಹೇಳಬೇಕಾದ್ದು ಆಮೇಲಿನದು. ಊರಿನಲ್ಲಿ ಕೆಲಸ ಹೋದರೆ ಸಂಬಳ ಮಾತ್ರ ಹೋಗುತ್ತದೆ. ಇಲ್ಲಿ ನಾನು ಈ ದೇಶದಲ್ಲಿ ಇರುವುದೇ ಆ ಕಂಪನಿಯ ಹೆಸರಿನ ಮೇಲೆ. ಹೆಂಡತಿ, ಮಗಳು ಇರುವುದು ನನ್ನ ಹೆಸರಿನ ಮೇಲೆ. ನನ್ನ ವೀಸಾ ಕ್ಯಾನ್ಸಲ್ ಮಾಡಬೇಕಾದರೆ ಮೊದಲು ಅವರಿಬ್ಬರದ್ದನ್ನು ಕ್ಯಾನ್ಸಲ್ ಮಾಡಬೇಕು, ಇಲ್ಲವೇ ಹೋಲ್ಡ್‌ನಲ್ಲಿ ಇಡಿಸಬೇಕು. ಬ್ಯಾಂಕಿನ ಅಕೌಂಟ್, ಶಾರ್ಜಾದ ಮನೆಯ ಬಾಡಿಗೆ ಕರಾರು, ಮಗಳ ಸ್ಕೂಲು ಎಲ್ಲ ಕಡೆ ಕೊಟ್ಟಿರುವುದು ಅದೇ ವೀಸಾದ ಮೇಲೆ ಸಿಕ್ಕ ಎಮಿರೇಟ್ಸ್ ಐಡಿ, ಅಂದರೆ ಇಲ್ಲಿನ ಗುರುತಿನ ಚೀಟಿ. ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಲು ಹೋಗಿ ಸೋತೆ. "ತೋಟ ಉಂಟಲ್ಲ ಮಗಾ, ಬಂದುಬಿಡು" ಅಂದರು. ತೋಟ ಉಂಟು, ಹೌದು. ಅಡಿಕೆಗೆ ಎಲೆಚುಕ್ಕಿ ರೋಗವೂ ಉಂಟು. ಆ ಮಾತು ಬೇಡ ಅಂತ ಸುಮ್ಮನಾದೆ.

ಹಾಗಾಗಿ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಕ್ಯಾನ್ಸಲೇಶನ್ ಯಾವಾಗ? ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿರುವುದಿಲ್ಲ. ಎಷ್ಟು ದುಡ್ಡು ಬರುತ್ತದೆ ಅನ್ನುವುದು ಬಾಯಿಪಾಠ ಇರುತ್ತದೆ.

ಕೊನೆಯ ಕೆಲಸದ ದಿನ ಬೇರೆ, ವೀಸಾ ಕ್ಯಾನ್ಸಲ್ ಆಗುವ ದಿನ ಬೇರೆ. ಮೊದಲು ಲೇಬರ್ ಕಡೆಯ ಪರ್ಮಿಟ್ ಕ್ಯಾನ್ಸಲ್ ಆಗುತ್ತದೆ, ಅದಕ್ಕೆ ನಮ್ಮ ಸಹಿ ಬೇಕು. ಆಮೇಲೆ ಇಮಿಗ್ರೇಶನ್‌ನಲ್ಲಿ ರೆಸಿಡೆನ್ಸ್ ವೀಸಾ ಕ್ಯಾನ್ಸಲ್. ದೇಶದಲ್ಲಿ ಉಳಿಯಲು ಕೊಡುವ ಗ್ರೇಸ್ ಪೀರಿಯಡ್ ಶುರುವಾಗುವುದು ಅಲ್ಲಿಂದ. ಅದು ಎಲ್ಲರಿಗೂ ಒಂದೇ ಅಲ್ಲ, ವೀಸಾದ ವರ್ಗ ನೋಡಿ ಬದಲಾಗುತ್ತದೆ. ನನ್ನ ಕ್ಯಾನ್ಸಲೇಶನ್ ಪೇಪರಿನಲ್ಲಿ 60 ದಿನ ಅಂತ ಇತ್ತು. ಅದು ಮುಗಿದ ಮೇಲೂ ಇದ್ದರೆ ದಿನಕ್ಕೆ 50 ದಿರ್ಹಮ್ ದಂಡ. ಅಂದರೆ ಕ್ಯಾನ್ಸಲೇಶನ್ ಎಷ್ಟು ಮುಂದಕ್ಕೆ ಹೋಗುತ್ತದೋ ಅಷ್ಟು ಉಸಿರಾಡಲು ಸಮಯ.

ನನಗಂತೂ ಮಾರ್ಚ್ ಬೇಕಿತ್ತು. ಇಲ್ಲಿನ ಇಂಡಿಯನ್ ಸ್ಕೂಲುಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಗಳು ಮೂರನೇ ಕ್ಲಾಸು. ನವೆಂಬರ್‌ನಲ್ಲಿ ಲೆಟರ್ ಕೊಟ್ಟು ಫೆಬ್ರವರಿಯಲ್ಲಿ ಹೊರಡು ಅಂದರೆ ಮಗುವನ್ನು ಅಲ್ಲೂ ಇಲ್ಲೂ ಇಲ್ಲದ ಹಾಗೆ ನಡುವೆ ಎತ್ತಿಕೊಂಡು ಹೋಗಬೇಕು.

ಎಚ್‌ಆರ್ ರೂಮಿನಲ್ಲಿ ಮ್ಯಾನೇಜರ್ ಒಂದು ಪೇಪರ್ ಮುಂದಿಟ್ಟರು. ನೋಟಿಸ್ ಒಂದು ತಿಂಗಳು, ಅದು ಮುಗಿದ ಕೂಡಲೇ ಕ್ಯಾನ್ಸಲೇಶನ್. ಇವತ್ತೇ ಒಪ್ಪಿದರೆ ಕಂಪನಿಯ ಕಡೆಯಿಂದ ಒಂದು ತಿಂಗಳ ಸಂಬಳ ಜಾಸ್ತಿ, 9,000 ದಿರ್ಹಮ್. ಪೆನ್ನು ಕೂಡ ಕ್ಯಾಪ್ ತೆಗೆದು ಇಟ್ಟಿದ್ದರು! ನಾನು ನಾಳೆ ಹೇಳುತ್ತೇನೆ ಅಂದೆ. ಹೊರಗೆ ಬಂದು ನನ್ನ ಟೇಬಲ್ಲಿನಲ್ಲಿ ಬಿದ್ದಿದ್ದ ಹಳೆ ಸೀಲಿಂಗ್ ಡ್ರಾಯಿಂಗಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ನನ್ನ 9,000ದಲ್ಲಿ ಬೇಸಿಕ್ 4,500. ಉಳಿದದ್ದು ಮನೆ ಬಾಡಿಗೆ, ಓಡಾಟ ಅಂತ ಅಲೊವೆನ್ಸ್. ಸುಮಾರು ನಲವತ್ತು ದಿನದ ರಜೆ ಬಾಕಿ ಇತ್ತು. ಕೆಲಸ ಬಿಡುವಾಗ ಆ ರಜೆಗೆ ದುಡ್ಡು ಕೊಟ್ಟರೆ ಇಲ್ಲಿನ ಕಾನೂನಿನಂತೆ ಬೇಸಿಕ್ ಲೆಕ್ಕದಲ್ಲಿ ಕೊಟ್ಟರೆ ಸಾಕು. ದಿನಕ್ಕೆ 150, ಒಟ್ಟು 6,000. ಅದೇ ರಜೆಯನ್ನು ಕೆಲಸದಲ್ಲಿ ಇರುವಾಗಲೇ ತಗೊಂಡರೆ ಪೂರ್ತಿ ಸಂಬಳ. ದಿನಕ್ಕೆ 300, ಒಟ್ಟು 12,000. ಕಂಪನಿಗೆ ಖರ್ಚು 6,000 ಜಾಸ್ತಿ. ಆದರೆ ಅವರೇ ಕೊಡುತ್ತೇವೆ ಅಂದಿದ್ದು 9,000! ಅದು ಬೇಡ, ನೋಟಿಸ್ ಮುಗಿದ ಮೇಲೆ ನನ್ನ ರಜೆ ಪೂರ್ತಿ ಕೊಡಿ, ರಜೆ ಮುಗಿದ ಮೇಲೆ ಕ್ಯಾನ್ಸಲ್ ಮಾಡಿ ಅಂತ ಮಾರನೆ ದಿನ ಹೋಗಿ ಹೇಳಿದೆ. ಕಂಪನಿಗೆ 3,000 ಉಳಿತಾಯ. ನನಗೆ ಜನವರಿ ಕೊನೆಯವರೆಗೆ ವೀಸಾ, ಆಮೇಲಿನ 60 ದಿನ ಸೇರಿಸಿದರೆ ಮಾರ್ಚ್ ಕೊನೆ.

ಒಪ್ಪಿದರು. ನನ್ನ ಮುಖ ನೋಡಿ ಅಲ್ಲ. ಹೋಟೆಲ್ ಪ್ರಾಜೆಕ್ಟಿನ ಫೈನಲ್ ಅಕೌಂಟ್ ಬಾಕಿ ಇತ್ತು. ಯಾವ ವೇರಿಯೇಶನ್, ಅಂದರೆ ಕರಾರಿನ ಆಮೇಲೆ ಕೆಲಸದಲ್ಲಿ ಆದ ಬದಲಾವಣೆ, ಯಾವ ಇಮೇಲ್‌ನಲ್ಲಿ ಒಪ್ಪಿಗೆ ಆಗಿದೆ ಅನ್ನುವುದು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನೋಟಿಸ್ ತಿಂಗಳಲ್ಲಿ ಮುಗಿಸಿ ಕೊಡುತ್ತೇನೆ ಅಂದೆ, ಮುಗಿಸಿ ಕೊಟ್ಟೆ. ಪ್ರತಿಯೊಬ್ಬರ ಕೈಯಲ್ಲೂ ಇಂಥದ್ದೇನಾದರೂ ಇರುತ್ತದೆ. ಸ್ಟೋರಿನ ಕೀಲಿಕೈ ಇರಬಹುದು, ಒಬ್ಬ ಕ್ಲೈಂಟಿನ ವಿಶ್ವಾಸ ಇರಬಹುದು. ಅದನ್ನು ದುಡ್ಡಿಗೆ ಬದಲು ದಿನಗಳಿಗೆ ಮಾರಿ. ನಾನು ಫೋನಿನಲ್ಲಿ ಹೇಳುವುದು ಇಷ್ಟೇ.

ಎಲ್ಲ ಕಂಪನಿ ಒಪ್ಪುತ್ತದೆ ಅಂತ ಅಲ್ಲ. ರಜೆ ಯಾವಾಗ ಕೊಡಬೇಕು ಅನ್ನುವುದು ಅವರ ಕೈಯಲ್ಲಿದೆ. ಆದರೆ ಕೇಳುವವರೇ ಕಡಿಮೆ. ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ. ಕಂಪನಿಯೇ ನೋಟಿಸ್ ಕೊಟ್ಟಿದ್ದರೆ, ಆ ಅವಧಿಯಲ್ಲಿ ವಾರಕ್ಕೆ ಒಂದು ದಿನ ಬೇರೆ ಕೆಲಸ ಹುಡುಕಲು ರಜೆ ಇದೆ. ಸಂಬಳ ಇಲ್ಲದ ರಜೆ, ಮೂರು ದಿನ ಮುಂಚೆ ತಿಳಿಸಬೇಕು. 2022ರ ಫೆಬ್ರವರಿಯಿಂದ ನಡೆಯುತ್ತಿರುವ ಹೊಸ ಕಾರ್ಮಿಕ ಕಾನೂನಿನಲ್ಲೇ ಅದು ಇದೆ. ನಾನು ಬುಧವಾರ ತಗೊಳ್ಳುತ್ತಿದ್ದೆ. ನಮ್ಮ ಮ್ಯಾನೇಜರ್‌ಗೆ ಅದು ಹೊಸ ವಿಷಯ.

ಇನ್ನು ಸಹಿ. ಕ್ಯಾನ್ಸಲೇಶನ್ ಪೇಪರಿನಲ್ಲಿ "ನನಗೆ ಬರಬೇಕಾದ್ದೆಲ್ಲ ಬಂದಿದೆ" ಅನ್ನುವ ಸಾಲು ಇರುತ್ತದೆ. ನಮ್ಮ ಪಿಆರ್‌ಓ ಕಾಸರಗೋಡಿನವರು, ಎಲ್ಲರೂ ಇಕ್ಕ ಅಂತ ಕರೆಯುತ್ತಿದ್ದೆವು. ಗವರ್ನಮೆಂಟ್ ಆಫೀಸಿನ ಕೆಲಸಕ್ಕೆಲ್ಲ ಓಡಾಡುವವರು, ಎಷ್ಟು ಜನರ ಪೇಪರ್ ಈ ಕೈಯಲ್ಲಿ ಹೋಗಿದೆಯೋ. ಪ್ಯಾಂಟ್ರಿಯಲ್ಲಿ ಸುಲೈಮಾನಿ ಕುಡಿಯುತ್ತಾ ಕನ್ನಡ ಮಲಯಾಳ ಎರಡೂ ಬೆರೆಸಿ ಹೇಳಿದರು. "ಮೋನೇ, ಫೋನ್‌ಗೆ ಬ್ಯಾಂಕಿನ ಮೆಸೇಜ್ ಬಂದ ಮೇಲೆ ಪೆನ್ನು ಮುಟ್ಟು. ನಾನು ಕೇಳಿದರೂ ಮುಟ್ಟಬೇಡ." ಮಾರನೆ ವಾರ ಅವರೇ ಪೇಪರ್ ಹಿಡಿದುಕೊಂಡು ಬಂದು ಗಂಭೀರವಾಗಿ ಸಹಿ ಕೇಳಿದರು. ಮ್ಯಾನೇಜರ್ ಎದುರಿಗೇ ಇದ್ದರು. ದುಡ್ಡು ಬರಲಿ ಇಕ್ಕ ಅಂದೆ. ಏನೂ ಗೊತ್ತಿಲ್ಲದವರ ಹಾಗೆ ಪೇಪರ್ ಮಡಚಿಕೊಂಡು ಹೋದರು.

ಕೆಲಸ ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು ಅಂತ ಕಾನೂನು. ಗ್ರಾಚುಯಿಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ನನ್ನ ಏಳು ವರ್ಷಕ್ಕೆ 165 ದಿನ, 24,750 ದಿರ್ಹಮ್. ಕೇಳಲು ದೊಡ್ಡದು. ಏಳು ವರ್ಷದ ದುಡಿಮೆಗೆ ಮೂರು ತಿಂಗಳ ಸಂಬಳವೂ ಆಗಲಿಲ್ಲ.

ಆ ದುಡ್ಡು ಅಕೌಂಟಿಗೆ ಬಂದ ಕೂಡಲೇ ಇನ್ನೊಂದು ಗಂಡಾಂತರ. ಸಾಲ ಇದ್ದರೆ, ಬಂದದ್ದು ಫೈನಲ್ ಸೆಟ್ಲ್‌ಮೆಂಟ್ ಅಂತ ಬ್ಯಾಂಕಿಗೆ ಗೊತ್ತಾದರೆ, ಅಕೌಂಟಿಗೆ ಬೀಗ. ನಮ್ಮ ಬಿಲ್ಡಿಂಗಿನಲ್ಲಿದ್ದ ತಮಿಳು ಹುಡುಗನಿಗೆ ಹಾಗೆ ಆಯಿತು. ಕಾರ್ಡ್ ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ನಿಂತಿತು, ಹಾಲಿನ ದುಡ್ಡನ್ನು ಹಿಂದೆ ಲೈನಿನಲ್ಲಿದ್ದ ನನ್ನ ಹೆಂಡತಿ ಕೊಟ್ಟಳು. ಸಾಲ ಇರುವವರು ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಬಾಡಿಗೆಗೆ ಕೊಟ್ಟಿರುವ ಮುಂದಿನ ತಾರೀಖಿನ ಚೆಕ್‌ಗಳೂ ಅದೇ ಅಕೌಂಟಿನವು ಅನ್ನುವುದು ನೆನಪಿರಲಿ.

ಐಎಲ್‌ಓಇ ಬಗ್ಗೆ ಕೇಳುತ್ತಾರೆ. 2023ರ ಜನವರಿಯಿಂದ ಬಂದ ಉದ್ಯೋಗ ನಷ್ಟದ ವಿಮೆ ಅದು. ಬೇಸಿಕ್ 16,000 ದಿರ್ಹಮ್‌ವರೆಗೆ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್, ಅದಕ್ಕಿಂತ ಮೇಲಿದ್ದವರಿಗೆ 10. ಕಟ್ಟದಿದ್ದರೆ 400 ದಿರ್ಹಮ್ ದಂಡ ಅಂತ ಹೆದರಿ ಎಲ್ಲರೂ ಕಟ್ಟಿದೆವು, ಬೈದುಕೊಂಡೇ ಕಟ್ಟಿದೆವು. ಬಿಡದೆ 12 ತಿಂಗಳು ಕಟ್ಟಿದ್ದರೆ, ಕಂಪನಿಯೇ ತೆಗೆದಿದ್ದರೆ, ಬೇಸಿಕ್‌ನ 60 ಪರ್ಸೆಂಟ್ ಮೂರು ತಿಂಗಳವರೆಗೆ ಕೊಡುತ್ತಾರೆ. ನನಗೆ ಅದು 2,700. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋದರೆ ಇಲ್ಲ. ಹೊಸ ಕೆಲಸ ಸಿಕ್ಕರೂ ನಿಲ್ಲುತ್ತದೆ. ಮುಖ್ಯವಾಗಿ, ನೀವೇ ರಾಜೀನಾಮೆ ಕೊಟ್ಟರೆ ಇಲ್ಲ. "ರಾಜೀನಾಮೆ ಕೊಡು, ರೆಕಾರ್ಡ್ ಚೆನ್ನಾಗಿ ಕಾಣುತ್ತದೆ" ಅಂತ ಪ್ರೀತಿಯಿಂದ ಹೇಳುವ ಬಾಸ್‌ಗಳು ಇರುತ್ತಾರೆ. ಕಾಣುವುದು ಯಾರಿಗೆ?

ಮನೆಗೆಲಸದವರಿಗೆ ಈ ವಿಮೆ ಇಲ್ಲ. ಇದು ನನಗೆ ಗೊತ್ತಾಗಿದ್ದು ಎದುರು ಫ್ಲಾಟಿನವರಿಂದ. ಅವರ ಕೆಲಸವೂ ಅದೇ ಚಳಿಗಾಲದಲ್ಲಿ ಹೋಯಿತು. ಮನೆಯಲ್ಲಿ ಮಗು ನೋಡಿಕೊಳ್ಳಲು ಕಡಪ ಕಡೆಯ ಒಬ್ಬ ಅಕ್ಕ ಇದ್ದರು, ಅವರ ವೀಸಾ ಈ ಯಜಮಾನರ ಹೆಸರಿನ ಮೇಲೆ. ಯಜಮಾನರಿಗೆ ಲೆಟರ್ ಬಂದದ್ದಕ್ಕೆ ಅವರಿಗೂ ಕೆಲಸ ಹೋಯಿತು, ಅವರ ಕೈಗೆ ಲೆಟರ್ ಕೂಡ ಬರಲಿಲ್ಲ. ಆ ಮನೆಯವರು ಒಳ್ಳೆಯವರು, ಟಿಕೆಟ್ ತೆಗೆದುಕೊಟ್ಟರು, ಸಂಬಳ ಚುಕ್ತಾ ಮಾಡಿದರು. ಒಳ್ಳೆಯವರು ಆಗಿರದಿದ್ದರೆ? ನಾವು ಆಫೀಸಿನವರು ನಮ್ಮ 60 ದಿನದ ಬಗ್ಗೆ ಅಳುವಾಗ ಈ ಹೆಂಗಸರ ಲೆಕ್ಕ ಯಾರೂ ಹಾಕುವುದಿಲ್ಲ.

ಹಿಂದೆ ಇದಕ್ಕಿಂತ ಕಷ್ಟ ಇತ್ತು ಅನ್ನುವುದು ನಿಜ. ನಮ್ಮ ಚಿಕ್ಕಪ್ಪ ಸೌದಿಯ ದಮಾಮ್‌ನಲ್ಲಿದ್ದರು. ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ, ಕಪಾಟಿನಲ್ಲಿ. ಬೇರೆ ಕಡೆ ಕೆಲಸಕ್ಕೆ ಹೋಗಲು ಅವನು ಒಪ್ಪಬೇಕು, ಅಜ್ಜ ತೀರಿಕೊಂಡಾಗ ಊರಿಗೆ ಬರಲೂ ಅವನು ಒಪ್ಪಬೇಕು. ಸೌದಿಯಲ್ಲಿ 2021ರ ಮಾರ್ಚ್‌ನಿಂದ ಅದನ್ನು ಸಡಿಲ ಮಾಡಿದರು. ಆದರೆ ಮನೆಗೆಲಸದವರು, ಮನೆಯ ಡ್ರೈವರ್‌ಗಳು, ಕುರಿ ಕಾಯುವವರು ಆ ಬದಲಾವಣೆಯಿಂದಲೂ ಹೊರಗೆ. ನೋಡಿ, ಅಲ್ಲೂ ಅವರೇ.

ನನ್ನ ಕಥೆ ಮುಗಿಸಿಬಿಡುತ್ತೇನೆ. ಐಎಲ್‌ಓಇಯ ಒಂದು ಕಂತು ಬಂತು. ಎರಡನೆಯದು ಬರುವ ಮೊದಲು ಅಬುಧಾಬಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೊಟ್ಟಿದ್ದು ಯಾವ ವೆಬ್‌ಸೈಟೂ ಅಲ್ಲ, ಹಳೆ ಸೈಟಿನಲ್ಲಿ ನನ್ನ ಜೊತೆ ಬಿಲ್ಲಿಗಾಗಿ ಜಗಳ ಆಡುತ್ತಿದ್ದ ಈಜಿಪ್ಟಿನ ಎಂಜಿನಿಯರ್. ದೇಶ ಬಿಟ್ಟು ಹೋಗದೆ ಇಲ್ಲೇ ವೀಸಾದ ಸ್ಟೇಟಸ್ ಬದಲಾಯಿತು. ಮತ್ತೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಹೊಸ ಎಮಿರೇಟ್ಸ್ ಐಡಿ. ಹೋಲ್ಡ್‌ನಲ್ಲಿದ್ದ ಹೆಂಡತಿ ಮಗಳ ಫೈಲು ಮತ್ತೆ ನನ್ನ ಹೆಸರಿಗೆ ಬಂತು. ಮಗಳು ನಾಲ್ಕನೇ ಕ್ಲಾಸಿಗೆ ಅದೇ ಸ್ಕೂಲಿನಲ್ಲೇ ಹೋದಳು. ನಾನು ದಿನಾ ಶಾರ್ಜಾದಿಂದ ಅಬುಧಾಬಿಗೆ ಓಡಾಡಿದೆ. ಪ್ರೊಬೇಶನ್ ಆರು ತಿಂಗಳು, ಅದರಲ್ಲಿ 14 ದಿನದ ನೋಟಿಸ್ ಕೊಟ್ಟು ಕಳಿಸಬಹುದು. ಅದು ಮುಗಿಯದೆ ಮನೆ ಬದಲಿಸುವುದಿಲ್ಲ ಅಂತ ಹೆಂಡತಿ ಹಟ ಹಿಡಿದಳು. ಸರಿಯಾಗೇ ಹೇಳಿದ್ದಳು.

ಆಫರ್ ಲೆಟರ್ ಬಂದಾಗ ಸಂಬಳ 10,000, ಬೇಸಿಕ್ 4,000 ಅಂತ ಇತ್ತು. ಒಟ್ಟು ಮೊತ್ತ ಒಂದು ಪೈಸೆ ಹೆಚ್ಚು ಬೇಡ, ಬೇಸಿಕ್ 6,000 ಮಾಡಿ, ಅಲೊವೆನ್ಸ್ ಇಳಿಸಿ ಅಂತ ವಾಪಸ್ ಬರೆದೆ. ಎಚ್‌ಆರ್ ಹುಡುಗಿ ಫೋನ್ ಮಾಡಿ, "ಸರ್, ಈಗಲೇ ಹೋಗುವ ಯೋಚನೆನಾ?" ಅಂತ ನಕ್ಕಳು. ಅಲ್ಲಮ್ಮ, ಕಳಿಸುವ ಯೋಚನೆ ನಿಮಗೆ ಬಂದರೆ ಅಂತ ಅಂದೆ. 5,500ಕ್ಕೆ ಒಪ್ಪಿದರು.