ಯೆಜ್ಡಿ ಟ್ಯಾಂಕಿನೊಳಗಿನ ತುಕ್ಕು

ಜೂನ್ 14, 2025, ಶನಿವಾರ
ಮೈಸೂರು

ದೊಡ್ಡಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಪೆಟ್ರೋಲ್ ಟ್ಯಾಂಕು ಇವತ್ತು ಕೆಳಗಿಳಿಯಿತು. ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಕೆಮ್ಮಣ್ಣು ಬಳಿದ ಹಾಗಿದೆ. ಮೇಲ್ಭಾಗದಲ್ಲಿ ತೆಳ್ಳಗೆ ಪುಡಿ, ಬೆರಳಿಗೆ ಅಂಟುತ್ತದೆ ಅಷ್ಟೇ. ತಳದಲ್ಲಿ ಮಾತ್ರ ಚಕ್ಕೆ ಎದ್ದಿದೆ. ಸ್ಕ್ರೂಡ್ರೈವರ್ ತುದಿಯಲ್ಲಿ ಕೆದಕಿದರೆ ಉಗುರಿನಷ್ಟು ಅಗಲದ ತುಂಡುಗಳು ಕಳಚಿ ಬರುತ್ತವೆ. ಟ್ಯಾಂಕಿನ ತಳದ ನಲ್ಲಿ, ಅಂದರೆ ಪೆಟ್ರೋಲ್ ಕಾಕ್ ಬಿಚ್ಚಿದಾಗ ಅದರ ಸಣ್ಣ ಜಾಲರಿ ಕಾಣಲೇ ಇಲ್ಲ, ಪೂರ್ತಿ ಕೆಂಪು ರಾಡಿ ಮೆತ್ತಿಕೊಂಡಿತ್ತು. ತಳದಲ್ಲಿ ಉಳಿದಿದ್ದ ಒಂದಿಷ್ಟು ಪೆಟ್ರೋಲಿಗೆ ವಾರ್ನಿಶ್ ವಾಸನೆ. ಅದನ್ನು ಡಬ್ಬಕ್ಕೆ ಬಗ್ಗಿಸಿ ಗ್ಯಾರೇಜಿಗೆ ಕೊಟ್ಟೆ, ಪಾರ್ಟ್ಸ್ ತೊಳೆಯುವುದಕ್ಕೆ ಆಗುತ್ತದೆ. ಮೋರಿಗೆ ಸುರಿಯುವ ವಸ್ತುವಲ್ಲ ಅದು.

ಈ ಗಾಡಿ ಹುಟ್ಟಿದ್ದು ಇದೇ ಊರಿನಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಅಲ್ಲಿ ಜಾವಾ ಗಾಡಿಗಳು ತಯಾರಾಗತೊಡಗಿದವು, ಆಮೇಲೆ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ಕರ್ರೇ ಗೇರ್ ಲಿವರ್ ಆಗುವ, ಎರಡು ಸೈಲೆನ್ಸರ್‌ನ ಈ 250 ಸಿಸಿ ಗಾಡಿಗೆ ಈಗಲೂ ನಮ್ಮೂರಲ್ಲಿ ಮರ್ಯಾದೆ ಇದೆ. ಎಂಜಿನ್ ಸಾಮಾನು ಹುಡುಕಿದರೆ ಸಿಗುತ್ತದೆ. ಒರಿಜಿನಲ್ ಟ್ಯಾಂಕು, ಅದೂ ಡೆಂಟ್ ಇಲ್ಲದ್ದು ಸಿಗೋದು ಕಷ್ಟ. ಅದಕ್ಕೇ ಇಷ್ಟೆಲ್ಲ ಹರಸಾಹಸ.

ತುಕ್ಕು ತಳದಲ್ಲೇ ಯಾಕೆ ಜಾಸ್ತಿ? ಪೆಟ್ರೋಲಿಗಿಂತ ನೀರು ಭಾರ. ಎಷ್ಟೇ ಕಮ್ಮಿ ನೀರಿದ್ದರೂ ತಳ ಸೇರುತ್ತದೆ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅರ್ಧ ಖಾಲಿ ಇರುವ ಟ್ಯಾಂಕು ಹಗಲು ಬಿಸಿಯಾಗಿ ಗಾಳಿ ಹೊರಗೆ ಬಿಡುತ್ತದೆ, ರಾತ್ರಿ ತಣ್ಣಗಾದಾಗ ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಗಾಳಿಯ ಜೊತೆ ತೇವವೂ ಒಳಗೆ ಹೋಗಿ, ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ಇಳಿಯುತ್ತದೆ. ಯೆಜ್ಡಿ ಟ್ಯಾಂಕು ಫ್ರೇಮಿನ ಪೈಪಿನ ಮೇಲೆ ಕಾಲು ಇಳಿಬಿಟ್ಟು ಕೂರುವಂಥದ್ದು, ನಡುವೆ ಪೈಪಿಗೆ ಜಾಗ ಬಿಟ್ಟ ಗೂನು, ಎರಡು ಪಕ್ಕಕ್ಕೂ ಒಂದೊಂದು ಗುಂಡಿ. ನೀರಿಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?

ಗ್ಯಾರೇಜಿನ ಮೇಸ್ತ್ರಿ ಒಂದೇ ಮಾತಲ್ಲಿ ಮುಗಿಸಿದರು. "ಬಾತ್‌ರೂಮ್ ಆಸಿಡ್ ಹಾಕಿ ಸಾರ್, ಹತ್ತು ನಿಮಿಷ, ಫಳಫಳ ಅನ್ನುತ್ತೆ." ಫಳಫಳ ಅನ್ನುವುದು ನಿಜ. ಆದರೆ ಆ ಹೈಡ್ರೋಕ್ಲೋರಿಕ್ ಆಸಿಡ್ ತುಕ್ಕು ತಿಂದು ಸುಮ್ಮನಾಗುವುದಿಲ್ಲ, ಕೆಳಗಿನ ಕಬ್ಬಿಣಕ್ಕೂ ಬಾಯಿ ಹಾಕುತ್ತದೆ. ಮೊದಲೇ ತೆಳ್ಳಗಾದ ತಳಕ್ಕೆ ತೂತು ಬೀಳುತ್ತದೆ. ಅದರ ಹೊಗೆ ತಾಗಿದ ಸ್ಪ್ಯಾನರ್‌ಗಳಿಗೂ ಎರಡೇ ದಿನದಲ್ಲಿ ತುಕ್ಕು ಹತ್ತುತ್ತದೆ. ಬೇಡ ಅಂದೆ.

ದೊಡ್ಡಮ್ಮನ ಸಲಹೆ ಬೇರೆ. "ಹುಣಸೆಹಣ್ಣು ನೆನೆಹಾಕಿ ಹಾಕೋ, ಕಂಚು ಹಿತ್ತಾಳೆಯೆಲ್ಲ ಹೆಂಗೆ ಬೆಳಗುತ್ತೆ ನೋಡಿಲ್ವಾ?" ಲೆಕ್ಕದಲ್ಲಿ ತಪ್ಪಿಲ್ಲ, ಅದರಲ್ಲಿರುವುದೂ ಆಸಿಡ್ಡೇ. ಆದರೆ ಆ ನಾರು, ತಿರುಳು ಟ್ಯಾಂಕಿನ ಮೂಲೆಯಲ್ಲಿ ಸೇರಿಕೊಂಡರೆ ತೆಗೆಯುವವರು ಯಾರು! ಕೋಲಾ ಸುರಿಯುವವರೂ ಇದ್ದಾರೆ. ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇರೋದು ಹೌದು, ಆದರೆ ಬಹಳ ನೀರು ನೀರು, ಮೇಲಿಂದ ಸಕ್ಕರೆ ಅಂಟು. ಬ್ಯಾಟರಿ ಚಾರ್ಜರ್ ಕೊಟ್ಟು, ವಾಷಿಂಗ್ ಸೋಡಾ ನೀರಿನಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸುವ ವಿಧಾನ ನನಗೆ ಇಷ್ಟ. ಅದು ಒಳ್ಳೇ ಕಬ್ಬಿಣವನ್ನು ಮುಟ್ಟುವುದಿಲ್ಲ. ಆದರೆ ಇಳಿಬಿಟ್ಟ ಕಬ್ಬಿಣದ ಸರಳಿಗೆ ಎದುರಾಗಿರುವ ಕಡೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಯಿಂದ ಸರಳು ಬಿಟ್ಟರೆ ಯೆಜ್ಡಿಯ ಆ ಗೂನು ದಾಟಿ ಆಚೆ ಗುಂಡಿಗೆ ತಲುಪಲ್ಲ.

ಹಾಗಾಗಿ ಸಿಟ್ರಿಕ್ ಆಸಿಡ್. ನಿಂಬೆ ಉಪ್ಪು ಅಂತಲೂ ಕೇಳಿದರೆ ಕೊಡುತ್ತಾರೆ. ನೋಡಲು ಸಕ್ಕರೆಯ ಹಾಗೇ ಬಿಳಿ ಹರಳು, ಅಡುಗೆಮನೆಯಿಂದ ದೂರ ಇಟ್ಟೆ. ಒಂದು ಕೆಜಿ ಪೊಟ್ಟಣ ತಂದಿದ್ದೆ.

ಮೊದಲು ಸೋಪಿನ ಪುಡಿ, ಬಿಸಿನೀರು ಹಾಕಿ ಚೆನ್ನಾಗಿ ಕುಲುಕಿ ತೊಳೆದೆ, ಪೆಟ್ರೋಲ್ ವಾಸನೆ ಹೋಗುವವರೆಗೆ. ಇದು ಬರೀ ಶುಚಿಗಲ್ಲ. ಎಣ್ಣೆ ಜಿಡ್ಡಿದ್ದರೆ ಆಸಿಡ್ ಒಳಗೆ ಹಿಡಿಯುವುದಿಲ್ಲ. ಅದಕ್ಕಿಂತ ಮುಖ್ಯ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಅದರ ತುಂಬ ಹೊತ್ತಿಕೊಳ್ಳುವ ಆವಿ ಇರುತ್ತದೆ. ದೊಡ್ಡಮ್ಮ ಸಂಜೆ ಧೂಪ ಹಿಡಿದು ಶೆಡ್ಡಿನ ಕಡೆಗೆ ಹೊರಟಿದ್ದರು, ಬಾಗಿಲಲ್ಲೇ ತಡೆದೆ.

ಆಮೇಲೆ ಸರಪಳಿ. ನಟ್ಟು ಬೋಲ್ಟು, ಜಲ್ಲಿ ಹಾಕಿ ಕುಲುಕುವುದು ಹಳೇ ಪದ್ಧತಿ. ಹಾಕಿದ್ದು ಹತ್ತು, ಹೊರಬಂದದ್ದು ಒಂಬತ್ತು ಅಂತ ಆಗುತ್ತದೆ, ಉಳಿದದ್ದು ಒಂದು ಗೂನಿನ ಹಿಂದೆ ಕೂತು ಜೀವ ತಿನ್ನುತ್ತದೆ. ನಾಯಿಗೆ ಕಟ್ಟುವ ಸಣ್ಣ ಸರಪಳಿಗೆ ಒಂದು ತುದಿಯಲ್ಲಿ ತಂತಿ ಕಟ್ಟಿ ಇಳಿಬಿಟ್ಟರೆ ಆ ತಲೆನೋವಿಲ್ಲ. ಸ್ವಲ್ಪ ನೀರು ಸೇರಿಸಿ, ಹಳೇ ಕಂಬಳಿ ಸುತ್ತಿ, ದೊಡ್ಡಪ್ಪ ಒಂದು ಕಡೆ ನಾನು ಒಂದು ಕಡೆ ಹಿಡಿದು ತೊಟ್ಟಿಲು ತೂಗಿದೆವು. ಬಗ್ಗಿಸಿದಾಗ ಬಂದ ನೀರು ದಪ್ಪ ಕಾಫಿ ಬಣ್ಣ, ತಳದಲ್ಲಿ ಚಕ್ಕೆಗಳ ರಾಶಿ. ಸಡಿಲ ಇರುವುದೆಲ್ಲ ಹೀಗೆ ಬಂದುಬಿಟ್ಟರೆ ಆಸಿಡ್ಡಿಗೆ ಕೆಲಸ ಅರ್ಧ.

ಕಾಕ್ ಇದ್ದ ತೂತಿಗೆ ಹಳೇ ಟ್ಯೂಬಿನ ತುಂಡಿಟ್ಟು ತಗಡು ಬಿಗಿದೆ. ಕಾಕನ್ನು ಹಾಗೇ ಬಿಡಬಾರದು, ಅದರ ಮೃದು ಲೋಹವನ್ನು ಆಸಿಡ್ ತಿನ್ನುತ್ತದೆ. ಮುಚ್ಚಳವೂ ಹೊರಗೆ. ಬಾಯಿಯ ಸುತ್ತ ಬಣ್ಣದ ಮೇಲೆ ವ್ಯಾಸಲೀನ್ ಬಳಿದು ಪ್ಲಾಸ್ಟಿಕ್ ಹೊದಿಸಿದೆ. ಹಳೇ ಬಣ್ಣ ಹೋದರೆ ದೊಡ್ಡಪ್ಪ ನನ್ನನ್ನು ಸುಮ್ನೆ ಬಿಡೋದಿಲ್ಲ. ಕೈ ಸುಡುವಷ್ಟು ಬಿಸಿನೀರಿಗೆ ಲೀಟರಿಗೆ 60 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು ಕರಗಿಸಿ, ಬಾಯಿಮಟ್ಟಕ್ಕೆ ತುಂಬಿದೆ. ಪೂರ್ತಿ ತುಂಬಲೇಬೇಕು. ಖಾಲಿ ಬಿಟ್ಟ ಮೇಲ್ಭಾಗದ ತುಕ್ಕು ಹಾಗೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆ ಏಳತೊಡಗಿತು. ಅದು ಹೈಡ್ರೋಜನ್, ಹಾಗಾಗಿ ಬಾಯಿ ಮುಚ್ಚದೆ, ಬೆಂಕಿಯಿಂದ ದೂರ, ಕಿಟಕಿ ತೆರೆದು ಇಟ್ಟು ಬಂದೆ.

ಜೂನ್ 15, ಭಾನುವಾರ

ಬೆಳಿಗ್ಗೆ ನೀರು ಹಸಿರು ಮಿಶ್ರಿತ ಹಳದಿ ಆಗಿತ್ತು. ಕಬ್ಬಿಣ ಕರಗಿ ಸಿಟ್ರಿಕ್ ಆಸಿಡ್ಡಿನ ಜೊತೆ ಸೇರಿದಾಗ ಹೀಗೇ. ಇನ್ನೂ ಬಿಟ್ಟರೆ ಒಳ್ಳೇದಾಗುತ್ತೆ ಅನ್ನೋದು ಸುಳ್ಳು, ತುಕ್ಕು ಮುಗಿದ ಮೇಲೆ ಅದು ಉಕ್ಕನ್ನೇ ಕರಗಿಸುತ್ತ ಕೂರುತ್ತದೆ. ಟಾರ್ಚಿನಲ್ಲಿ ನೋಡಿದೆ. ಗೋಡೆ ಬೂದುಬಣ್ಣ, ತಳದಲ್ಲಿ ಮೆತ್ತನೆ ಕಪ್ಪು ಮಸಿ. ತುಕ್ಕಿನ ಕೆಂಪು ಎಲ್ಲೂ ಇಲ್ಲ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ತುಕ್ಕು ಬಿಡಿಸುವುದನ್ನು ಆಸಿಡ್ ಮಾಡುತ್ತದೆ, ನಾವು ಮಲಗಿರುತ್ತೇವೆ. ಬಗ್ಗಿಸಿದ ಮೇಲಿನ ಅರ್ಧ ಗಂಟೆಯಲ್ಲಿ ಮಾತ್ರ ಓಡಾಡಬೇಕು. ಬೆತ್ತಲೆ ಉಕ್ಕು, ಒದ್ದೆ, ಜೂನ್ ತಿಂಗಳ ಗಾಳಿ. ಕಣ್ಣೆದುರೇ ಕಿತ್ತಳೆ ಬಣ್ಣ ಏರುತ್ತದೆ. ಬಹಳ ಜನ ಆಸಿಡ್ ಚೆಲ್ಲಿ, ನಲ್ಲಿ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು ಊಟಕ್ಕೆ ಹೋಗುತ್ತಾರೆ. ಬರುವಷ್ಟರಲ್ಲಿ ಮತ್ತೆ ಕೆಂಪು. ಆಮೇಲೆ ನಿಂಬೆ ಉಪ್ಪು ಕೆಲಸ ಮಾಡಲ್ಲ ಅಂತ ಬೈಗುಳ.

ಎಲ್ಲ ಮೊದಲೇ ಜೋಡಿಸಿಟ್ಟುಕೊಂಡಿದ್ದೆ. ಬಗ್ಗಿಸಿದ ಕೂಡಲೇ ಒಂದು ಸಲ ನೀರು, ಸರಪಳಿ ಆಡಿಸಿ ಆ ಕಪ್ಪು ಮಸಿ ಹೊರಗೆ. ತಕ್ಷಣ ಕುದಿಯುವ ನೀರಿಗೆ ಅಡುಗೆ ಸೋಡಾ ಕಲಸಿ ಸುರಿದೆ. ಬುಸ್ ಅಂತ ನೊರೆ ಎದ್ದು ಇಳಿಯಿತು. ಉಳಿದ ಆಸಿಡ್ ಸತ್ತಿತು ಅಂತ ಅರ್ಥ. ಸೋಡಾ ನೀರಿನಲ್ಲಿ ಕಬ್ಬಿಣ ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ, ಜೊತೆಗೆ ಕುದಿನೀರಿಗೆ ತಗಡೇ ಬಿಸಿಯಾಗಿರುತ್ತದೆ, ತಾನಾಗೇ ಒಣಗುತ್ತದೆ. ಬಗ್ಗಿಸಿ, ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಗೆ ಪೈಪ್ ಹಾಕಿ ಕಾಕ್ ತೂತಿನಿಂದ ಬಿಟ್ಟೆ. ದೊಡ್ಡಪ್ಪ ಟ್ಯಾಂಕನ್ನು ಆ ಕಡೆ ಈ ಕಡೆ ತಿರುಗಿಸುತ್ತ ನಿಂತಿದ್ದರು. ಕೈ ಸುಟ್ಟರೂ ಬಿಡಲಿಲ್ಲ. ಚೆಲ್ಲಿದ ಆಸಿಡ್ ನೀರಿಗೂ ಸೋಡಾ ಹಾಕಿ, ನೊರೆ ನಿಂತ ಮೇಲೆ ಹೊರಗೆ ಬಿಟ್ಟೆ, ಗಿಡದ ಬುಡಕ್ಕಲ್ಲ.

ಇನ್ನು ಒಳಗೆ ಎಪಾಕ್ಸಿ ಲೇಪ ಹಾಕಿಸಬೇಕಾ ಅನ್ನೋದು. ಸೋರದ ಟ್ಯಾಂಕಿಗೆ ಬೇಡ ಅನ್ನೋದೇ ನನ್ನ ಮಾತು. ಹಳೇ ಲೇಪಗಳಲ್ಲಿ ಕೆಲವು ಎಥನಾಲ್ ಇರುವ ಪೆಟ್ರೋಲಿಗೆ ಮೆತ್ತಗಾಗಿ ಸಿಪ್ಪೆ ಬಿಡುತ್ತವೆ. ಆ ಸಿಪ್ಪೆ ಕಾಕ್‌ಗೆ ಅಡ್ಡ ಬಂದರೆ ತುಕ್ಕೇ ಮೇಲಿತ್ತು ಅನ್ನಿಸುತ್ತದೆ, ಯಾಕಂದರೆ ಆ ಲೇಪ ಬಿಡಿಸುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಸೋರುತ್ತದೋ ಇಲ್ಲವೋ ನೋಡಲು ಸೀಮೆಸುಣ್ಣ ಪುಡಿ ಮಾಡಿ, ನೀರಲ್ಲಿ ಕಲಸಿ ತಳದ ಬೆಸುಗೆಯ ಉದ್ದಕ್ಕೂ ಹೊರಗಿನಿಂದ ಬಳಿದೆ. ಒಣಗಿದ ಮೇಲೆ ಒಳಗೆ ಒಂದು ಲೀಟರ್ ಡೀಸೆಲ್. ಸೀಮೆಎಣ್ಣೆ ಇನ್ನೂ ಚೆನ್ನ, ಆದರೆ ಈಗ ಸಿಗೋದೇ ಅಪರೂಪ. ಮಧ್ಯಾಹ್ನ ನೋಡಿದರೆ ಬಿಳಿ ಪಟ್ಟಿಯಲ್ಲಿ ಎಡಗಡೆ ಹಿಂದುಗಡೆ ಸಾಸಿವೆ ಗಾತ್ರದ ಒಂದು ಒದ್ದೆ ಚುಕ್ಕೆ. ಸಂಜೆಗೆ ಅದು ನಾಲ್ಕಾಣೆ ಅಗಲ ಆಗಿತ್ತು. ಇಷ್ಟು ದಿನ ತುಕ್ಕೇ ಅಲ್ಲಿ ಬಿರಡೆ ಆಗಿ ಕೂತಿತ್ತು ಅಂತ ಕಾಣುತ್ತದೆ.

ದೊಡ್ಡಪ್ಪ ಮುಖ ಸಣ್ಣದು ಮಾಡಿಕೊಂಡರು. "ತುಕ್ಕು ಹಂಗೇ ಬಿಟ್ಟಿದ್ರೆ ಸೋರ್ತಿರಲಿಲ್ಲ ಅಲ್ವೇನೋ?"

"ಸೋರ್ತಿತ್ತು ದೊಡ್ಡಪ್ಪ. ನೀವು ಗಾಡಿ ಓಡಿಸ್ತಿರುವಾಗ, ಬಿಸಿ ಎಂಜಿನ್ ಮೇಲೆ."

ಮರುಮಾತಾಡದೆ ಡೀಸೆಲ್ ಬಗ್ಗಿಸಲು ಎದ್ದರು.

ಜೂನ್ 17, ಮಂಗಳವಾರ

ರೇಡಿಯೇಟರ್ ರಿಪೇರಿ ಅಂಗಡಿಗೆ ಒಯ್ದೆ. ಇಂಥ ತೂತಿಗೆ ವೆಲ್ಡಿಂಗ್ ಬೇಡ, ತೆಳ್ಳಗಿನ ತಗಡು ಇನ್ನೂ ದೊಡ್ಡದಾಗಿ ತೂತಾಗುತ್ತದೆ. ಸೀಸದ ಬೆಸುಗೆ ಸಾಕು. ಅವರು ಮೊದಲು ಮೂಸಿ ನೋಡಿದರು, ಆಮೇಲೆ ಮತ್ತೊಮ್ಮೆ ಸೋಪಿನ ಬಿಸಿನೀರಲ್ಲಿ ತೊಳೆದರು. ಕೆಲಸ ಮಾಡುವ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ನೀರು ತುಂಬಿದರು. ಹಾಗೆ ಮಾಡಿದರೆ ಒಳಗೆ ಆವಿಗೆ ಜಾಗವೇ ಇರುವುದಿಲ್ಲ. ಬಣ್ಣ ಕೆರೆದು, ಫ್ಲಕ್ಸ್ ಹಚ್ಚಿ, ಕಾದ ಕಬ್ಬಿಣ ಒತ್ತಿದರು. ಸೀಸ ಹೊಳೆದು ಹರಿಯಿತು. ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು.

ಮನೆಗೆ ಬಂದು ಮತ್ತೆ ಸೋಡಾ, ಕುದಿನೀರು, ಗಾಳಿ. ಪೂರ್ತಿ ಒಣಗಿ ತಣ್ಣಗಾದ ಮೇಲೆ ಸ್ವಲ್ಪ ಪೆಟ್ರೋಲಿಗೆ ಧಾರಾಳವಾಗಿ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ ಒಳಗೆ ಸವೆಯದಂತೆ ಕಾಯುವ ಎಣ್ಣೆ) ಬೆರೆಸಿ ಒಳಗೆಲ್ಲ ಹರಡಿದೆ. ಟೂ ಸ್ಟ್ರೋಕ್ ಗಾಡಿಗೆ ಇದೊಂದು ಅನುಕೂಲ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುವುದರಿಂದ ಓಡುತ್ತಿರುವವರೆಗೂ ಟ್ಯಾಂಕಿನ ಗೋಡೆಗೆ ಎಣ್ಣೆ ಪಸೆ ಇರುತ್ತದೆ. ನಿಂತ ಗಾಡಿಗೆ ಆ ಭಾಗ್ಯ ಇಲ್ಲ.

ಬಂಕಿನಲ್ಲಿ ಯಾರೋ ಹೇಳಿದರು, ಇದೆಲ್ಲ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಕಿತಾಪತಿ ಅಂತ. ಈ ಗಾಡಿ ಶೆಡ್ ಸೇರಿದಾಗ ಇ20 ಇರಲೇ ಇಲ್ಲ, ಆ ತುಕ್ಕನ್ನು ಎಥನಾಲ್ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಆದರೆ ಮುಂದಕ್ಕೆ ಹುಷಾರಾಗಿರಬೇಕು. 2030ಕ್ಕೆ ಅಂತಿದ್ದ ಶೇ 20ರ ಗುರಿಯನ್ನು ಸರ್ಕಾರ 2025ಕ್ಕೇ ಎಳೆದು ತಂದಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹಿಡಿತ ಮೀರಿ ನೀರು ಸೇರಿದರೆ ಎಥನಾಲೂ ನೀರೂ ಜೊತೆಯಾಗಿ ಪೆಟ್ರೋಲಿನಿಂದ ಬಿಟ್ಟುಕೊಂಡು ತಳಕ್ಕಿಳಿಯುತ್ತವೆ. 2ಟಿ ಆಯಿಲ್ ಮೇಲೆ ಪೆಟ್ರೋಲಿನ ಜೊತೆಗೇ ಉಳಿಯುತ್ತದೆ. ಕಾಕ್ ಎಳೆಯುವುದು ತಳದಿಂದ. ಅಂದರೆ ಎಂಜಿನ್‌ಗೆ ಮೊದಲು ಹೋಗುವುದು ಎಣ್ಣೆಯೇ ಇಲ್ಲದ ಆ ನೀರು. ಟೂ ಸ್ಟ್ರೋಕ್ ಇಟ್ಟುಕೊಂಡವರು ಯೋಚಿಸಬೇಕಾದ್ದು ಇದನ್ನು. ವಾರಕ್ಕೊಂದು ಸಲ ಓಡಿಸುವ ಗಾಡಿಗೆ ಭಯವಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಪೂರ್ತಿ ತೆಗೆದು, ಒಳಗೆ ಎಣ್ಣೆ ಆಡಿಸಿ ಇಡಿ.

ಟ್ಯಾಂಕು ಕೂರಿಸಿದ್ದೇನೆ. ಹೊಸ ಜಾಲರಿ, ಹೊಸ ಪೈಪು, ನಡುವೆ ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಫಿಲ್ಟರ್. ಮೊದಮೊದಲು ಅದರಲ್ಲಿ ಸ್ವಲ್ಪ ಕಂದು ಪುಡಿ ಬಂದೇ ಬರುತ್ತದೆ, ಗಾಬರಿ ಬೇಡ, ಫಿಲ್ಟರ್ ಬದಲಿಸಿದರೆ ಆಯಿತು. ಮಳೆ ಬಿಟ್ಟರೆ ನಾಳೆ ಕಾರ್ಬ್ಯುರೇಟರ್ ಬಿಚ್ಚಬೇಕು, ಅದರ ಬಟ್ಟಲಲ್ಲೂ ಇದೇ ಕೆಂಪು ರಾಡಿ ಕೂತಿರುತ್ತದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಚುಚ್ಚಲು ದೊಡ್ಡಪ್ಪ ಆಗಲೇ ಕ್ಲಚ್ ವೈರಿನ ಎಳೆ ಬಿಡಿಸಿಟ್ಟಿದ್ದಾರೆ. ಆ ಹಿತ್ತಾಳೆಯ ತೂತು ಒಂದೆಳೆ ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಅವರು ಏಳುವ ಮುಂಚೆ ಆ ಎಳೆ ಎತ್ತಿಟ್ಟು, ಗಾಳಿ ಊದಿ ಕ್ಲೀನ್ ಮಾಡಿಬಿಡಬೇಕು.