‘ಟೆನ್ಶನ್ ಮಾಡಿಕೊಳ್ಳಬೇಡ’ ಎನ್ನುವವರಿಗೆ

ಡೊಂಬಿವಲಿ
17 ಜೂನ್ 2025, ಮಂಗಳವಾರ

ಪ್ರನಾಳ ಶಿಶು (ಐವಿಎಫ್) ಚಿಕಿತ್ಸೆಯಲ್ಲಿ ಭ್ರೂಣವನ್ನು ಗರ್ಭಕ್ಕೆ ಸೇರಿಸಿದ ಮೇಲೆ, ಗರ್ಭ ನಿಂತಿತೇ ಎಂದು ತಿಳಿಸುವ ರಕ್ತಪರೀಕ್ಷೆಯವರೆಗೆ ಸುಮಾರು ಎರಡು ವಾರ. ಆ ಅವಧಿಯಲ್ಲಿ ವೈದ್ಯರಿಗೆ ಕೆಲಸವಿಲ್ಲ, ನನಗೂ ಇಲ್ಲ. ಬಿಡುವಿಲ್ಲದಿರುವುದು ಸಲಹೆಗಾರರಿಗೆ ಮಾತ್ರ. ಬೆಳಿಗ್ಗೆ ಉಡುಪಿಯಿಂದ ಅತ್ತಿಗೆಯ ಫೋನ್: “ಟೆನ್ಶನ್ ಮಾಡಿಕೊಳ್ಳಬೇಡ ಮಾರಾಯ್ತಿ, ಮನಸ್ಸು ನಿರಾಳವಾಗಿದ್ದರೆ ನಿಲ್ಲುತ್ತದೆ.” ನಿಲ್ಲದೇ ಹೋದರೆ ಕೆಟ್ಟದ್ದು ನನ್ನ ಮನಸ್ಸು ಎಂದಾಯಿತಲ್ಲ! ಮುಚ್ಚಿಹೋಗಿರುವುದು ಗರ್ಭನಾಳಗಳು, ಬೈಸಿಕೊಳ್ಳುವುದು ಮನಸ್ಸು.

ಮಧ್ಯಾಹ್ನ ದಾದರಿನಲ್ಲಿ ಆಪ್ತಸಮಾಲೋಚಕಿಯ ಎದುರು ಇದನ್ನೇ ಹೇಳಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ, ಲೆಕ್ಕ ಹೇಳಿದರು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 14 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತ್ತಂತೆ. ಅದರಲ್ಲಿದ್ದವರು 3,583 ಮಹಿಳೆಯರು. ಚಿಕಿತ್ಸೆಗೆ ಮುಂಚಿನ ಆತಂಕ, ದುಗುಡಗಳಿಗೂ ಆ ಸುತ್ತಿನಲ್ಲಿ ಗರ್ಭ ನಿಲ್ಲುವುದಕ್ಕೂ ನಂಟೇ ಕಾಣಲಿಲ್ಲ. “ಅಳು ಬಂದರೆ ಅತ್ತುಬಿಡಿ, ಅದರಿಂದ ಭ್ರೂಣಕ್ಕೇನೂ ಆಗುವುದಿಲ್ಲ” ಎಂದರು, ಮರಾಠಿಯಲ್ಲಿ. ಅಲ್ಲೇ ಅತ್ತೆ, ಮನಸೋ ಇಚ್ಛೆ.

ಈ ಚಿಕಿತ್ಸೆಗೆಂದೇ ಇರುವ 2021ರ ಕಾಯ್ದೆಯ ಪ್ರಕಾರ ಐವಿಎಫ್ ಕೇಂದ್ರಗಳು ದಂಪತಿಗೆ ಸಮಾಲೋಚನೆ ಒದಗಿಸಲೇಬೇಕು. ಹಿಂದೆ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಸಮಾಲೋಚನೆ ಎಂದರೆ ಒಪ್ಪಿಗೆ ಪತ್ರದ ಪುಟ ತಿರುಗಿಸಿ ಸಹಿ ಮಾಡಿಸಿಕೊಳ್ಳುವುದಾಗಿತ್ತು. ಈ ಸಮಾಲೋಚಕಿ ಕೇಳಿದ ಒಂದು ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ: ಫಲಿತಾಂಶ ಮೊದಲು ಯಾರ ಮೊಬೈಲಿಗೆ ಬರಬೇಕು? ಕಳೆದ ಸಲ ನಾನು ಅದನ್ನು ಓದಿದ್ದು ಕಲ್ಯಾಣ್ ಲೋಕಲ್‌ನಲ್ಲಿ, ನಾಲ್ಕನೆಯವಳಾಗಿ ಸೀಟಿನ ತುದಿಗೆ ಆತುಕೊಂಡು, ಎದುರಿನವಳು ಮೆಂತ್ಯ ಸೊಪ್ಪು ಬಿಡಿಸುತ್ತಿರುವಾಗ. ಈ ಸಲ ಕೌಂಟರಿನಲ್ಲಿ ನನ್ನ ಗಂಡನ ನಂಬರು ಬರೆಸಿ ಬಂದೆ. ಇವರು ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಹೇಳಬೇಕು ಎಂದು ಕರಾರಾಗಿದೆ.

ಇದೇ ಮುಂಬಯಿಯ ಪರೇಲ್‌ನಲ್ಲಿ, ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಆರೈಕೆಯಲ್ಲಿ ಪ್ರನಾಳ ಶಿಶು ಹುಟ್ಟಿದ್ದು 1986ರ ಆಗಸ್ಟ್ 6ರಂದು. ಹತ್ತಿರಹತ್ತಿರ ನಲವತ್ತು ವರ್ಷ. ನಮ್ಮ ಬಿಲ್ಡಿಂಗಿನಲ್ಲಿ ಈಗಲೂ ಇದು ಪಿಸುಮಾತಿನ ವಿಷಯ. ಶುಕ್ರವಾರದ ಭಜನಾ ಮಂಡಳಿಯಲ್ಲಿ ಮಾತ್ರ ಯಾರೂ ಕೇಳುವುದಿಲ್ಲ, ತಾಳ ಕೈಗಿಡುತ್ತಾರೆ, ಹಾಡಿಸುತ್ತಾರೆ. ಅಷ್ಟು ದೇವರು ನನಗೆ ಸಾಕು.

ಅಮ್ಮನಿಗೆ ಸಾಲದು. ನಾಗದೋಷವೆಂದು ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿಯಾಗಿದೆ, ಈಗ ಮಗುವಾದರೆ ತುಲಾಭಾರವೆಂಬ ಹರಕೆ. ರಾತ್ರಿ ಇವರು ಗರ್ಭ ನಿಲ್ಲಲು ನೆರವಾಗುವ ಹಾರ್ಮೋನು ಚುಚ್ಚುಮದ್ದಿನ, ಪ್ರೊಜೆಸ್ಟರಾನ್ ಸೀಸೆಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಎಣ್ಣೆಯ ಮದ್ದು, ತಣ್ಣಗಿದ್ದರೆ ಸೂಜಿಯಲ್ಲಿ ಇಳಿಯುವುದು ನಿಧಾನ. ಚುಚ್ಚಿದಲ್ಲಿ ಗಂಟು ಕಟ್ಟಿ ಎಡಮಗ್ಗುಲಾಗಿ ಮಲಗಲಾಗುತ್ತಿಲ್ಲ. ಆ ಹೊತ್ತಿಗೇ ಅಮ್ಮನ ಫೋನ್ ಬಂತು. ಹೇಳಿಯೇಬಿಟ್ಟೆ: “ಅಮ್ಮಾ, ‘ಆದರೆ’ ಎನ್ನುವ ಹರಕೆ ಬೇಡ. ಆಗದಿದ್ದರೆ ದೇವರಿಗೂ ನಾನೇ ಉತ್ತರ ಹೇಳಬೇಕಾಗುತ್ತದೆ. ನನ್ನ ಹೆಸರಲ್ಲಿ ಸುಮ್ಮನೆ ಒಂದು ದೀಪ ಹಚ್ಚು.”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೊತ್ತ ಹರಕೆ ಬಿಡುವ ಹಾಗಿಲ್ಲ. ಆದರೆ ಹೊತ್ತವಳು ನಾನು, ಅದರ ಉಸಾಬರಿ ನಿನಗೆ ಬೇಡ. ದೀಪ ನಾಳೆಯಿಂದಲೇ ಹಚ್ಚುತ್ತೇನೆ” ಎಂದು, ಮಗ್ಗುಲಿನ ಗಂಟಿಗೆ ಬಿಸಿನೀರಿನ ಚೀಲ ಇಟ್ಟುಕೊಂಡೆಯಾ ಎಂದು ಕೇಳಿದಳು.